ಗಾಲಿಗೆ ಕಲ್ಲು

ಕೇಳುಗರಿಗೆ ನಮಸ್ಕಾರ.

ನಮ್ಮ ಅಪ್ಪ ಲಾರಿ ಡ್ರೈವರ್. ಹುಬ್ಬಳ್ಳಿಯಿಂದ ಅಂಕೋಲಾ ಕಡೆಗೆ ಲೋಡ್ ಒಯ್ಯುತ್ತಿದ್ದರು. ಶಾಲೆಗೆ ಸೂಟಿ ಬಿಟ್ಟಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅರಬೈಲ್ ಘಟ್ಟದಲ್ಲಿ ಗಾಡಿ ನಿಲ್ಲಿಸಬೇಕಾದರೆ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ: "ಲೇ ತಮ್ಮಾ, ಕಲ್ಲು ಕೊಡೋ!" ಕ್ಲೀನರ್ ಹುಡುಗ ಕೆಳಗೆ ಜಿಗಿದು ಹಿಂದಿನ ಗಾಲಿಗೆ ಕಲ್ಲು ಇಟ್ಟು, ಗಾಡಿಯ ಬಾಡಿಗೆ ಎರಡು ಸಲ ಪಟ್ ಪಟ್ ಎಂದು ಬಡಿಯುತ್ತಿದ್ದ. ಆ ಸದ್ದು ಕೇಳುವ ತನಕ ಅಪ್ಪ ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಅಷ್ಟೇ.

ಮುಂದೆ ನಾನು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದೆ. ಹಾರಿಸುವ ಕೆಲಸ ಅಲ್ಲ, ನೆಲದ ಕೆಲಸ. ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಎರಡು ಹಳದಿ ರಬ್ಬರ್ ದಿಮ್ಮಿ, ನಡುವೆ ಒಂದು ಹಗ್ಗ. ಅದಕ್ಕೆ ಚಾಕ್ ಅಂತಾರೆ. ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಅಂದ್ರ ಅಲ್ಲೂ ಕಲ್ಲು ಕೊಡೋದ ಅನ್ನು" ಎಂದರು. ಹೌದು, ಅದೇ ಕೆಲಸ.

ವಿಮಾನದ ಅಪಘಾತ ಅಂದ್ರೆ ಜನ ಆಕಾಶ ನೋಡುತ್ತಾರೆ. ಆದರೆ ನೆಲದ ಮೇಲೆ ಆದ ಅನಾಹುತಗಳೂ ಸಣ್ಣವಲ್ಲ. 2007ರ ನವೆಂಬರ್ 15ರಂದು ಫ್ರಾನ್ಸಿನ ತುಲೂಸ್‌ನಲ್ಲಿ ಹೊಚ್ಚ ಹೊಸ ಏರ್‌ಬಸ್ ಎ340 ವಿಮಾನದ ಇಂಜಿನ್ ಪರೀಕ್ಷೆ ನಡೆದಿತ್ತು. ನಾಲ್ಕೂ ಇಂಜಿನ್ ಜೋರಾಗಿ ಓಡುತ್ತಿದ್ದವು. ಪಾರ್ಕಿಂಗ್ ಬ್ರೇಕ್ ಹಾಕಿದ್ದರು, ಆದರೆ ಗಾಲಿಗೆ ಚಾಕ್ ಇಟ್ಟಿರಲಿಲ್ಲ. ಬ್ರೇಕ್ ಎಷ್ಟಂತ ಹಿಡಿದೀತು? ಕೆಲವೇ ಸೆಕೆಂಡಿನಲ್ಲಿ ಆ ದೊಡ್ಡ ವಿಮಾನ ಮುಂದೆ ನುಗ್ಗಿ ಗೋಡೆ ಹತ್ತಿ, ಮೂತಿ ಮುರಿದುಕೊಂಡು ನಿಂತಿತು. ಒಳಗಿದ್ದ ಒಂಬತ್ತು ಜನ ಬದುಕಿದರು, ಪುಣ್ಯ. ಅದರ ಫೋಟೋ ನೋಡಿದಾಗಲೆಲ್ಲ ನನಗೆ ಘಟ್ಟದ ಆ ಕ್ಲೀನರ್ ಹುಡುಗ ನೆನಪಾಗುತ್ತಾನೆ.

ರೆಕ್ಕೆಯದು ಇನ್ನೊಂದು ತೊಂದರೆ. ದೊಡ್ಡ ವಿಮಾನದ ಪೈಲಟ್‌ಗೆ ಕೂತಲ್ಲಿಂದ ತನ್ನ ರೆಕ್ಕೆಯ ತುದಿ ಕಾಣುವುದಿಲ್ಲ. ಎ380 ಎಂಬ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 80 ಮೀಟರ್. 2011ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಂಥದ್ದೊಂದರ ರೆಕ್ಕೆ ಸಣ್ಣ ವಿಮಾನವೊಂದರ ಬಾಲಕ್ಕೆ ತಾಗಿ, ಅದನ್ನು ಬುಗುರಿಯಂತೆ ತಿರುಗಿಸಿಬಿಟ್ಟಿತು. ಅದಕ್ಕೇ ವಿಮಾನವನ್ನು ಹಿಂದಕ್ಕೆ ತಳ್ಳುವಾಗ ರೆಕ್ಕೆಯ ತುದಿಯ ಹತ್ತಿರ ಒಬ್ಬ ದೀಪದ ಕೋಲು ಹಿಡಿದು ನಡೆಯುತ್ತಾನೆ. ನಾನೂ ಹಾಗೆ ವರ್ಷಗಟ್ಟಲೆ ನಡೆದಿದ್ದೇನೆ, ಮಳೆಯಲ್ಲಿ, ನಡುರಾತ್ರಿಯಲ್ಲಿ. ಕೋಲು ಎರಡೂ ಮೇಲೆತ್ತಿ ಅಡ್ಡ ಹಿಡಿದರೆ ಎಲ್ಲರೂ ನಿಲ್ಲಬೇಕು. ಹಿಡಿದವನು ಹೊಸ ಹುಡುಗನಾದರೂ ನಿಲ್ಲಲೇಬೇಕು.

ಈಗ ಬ್ರೇಕಿನ ವಿಷಯ. ಖಾಲಿ ಲಾರಿ ಓಡಿಸಿದವರನ್ನು ಕೇಳಿ. ಲೋಡ್ ಇಲ್ಲದಾಗ ಜೋರಾಗಿ ಬ್ರೇಕ್ ಒತ್ತಿದರೆ ಗಾಲಿ ನೆಲ ಹಿಡಿಯದೆ ಜಾರುತ್ತದೆ. ನೆಲಕ್ಕೆ ಆಗಷ್ಟೇ ಇಳಿದ ವಿಮಾನವೂ ಖಾಲಿ ಲಾರಿಯಂತೆಯೇ. ಭಾರ ಇನ್ನೂ ರೆಕ್ಕೆಯ ಮೇಲಿರುತ್ತದೆ, ಗಾಲಿಯ ಮೇಲೆ ಪೂರ್ತಿ ಬಂದಿರುವುದಿಲ್ಲ. ನೀವು ಕಿಟಕಿ ಪಕ್ಕ ಕೂತಿದ್ದರೆ ನೋಡಿರಬಹುದು. ಗಾಲಿ ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಮೇಲಿನ ಪಟ್ಟಿಗಳು ಎದ್ದು ನಿಲ್ಲುತ್ತವೆ. ಅವು ರೆಕ್ಕೆಯ ಎತ್ತುವ ಶಕ್ತಿ ತೆಗೆದು ಭಾರವನ್ನೆಲ್ಲ ಗಾಲಿಗೆ ಹಾಕುತ್ತವೆ. ಆಮೇಲೇ ಬ್ರೇಕಿಗೆ ಹಿಡಿತ. ರನ್‌ವೇ ಮೇಲೆ ನೀರು ನಿಂತಿದ್ದರೆ ಅದೂ ಕಷ್ಟ. ಟೈರಿಗೂ ನೆಲಕ್ಕೂ ನಡುವೆ ನೀರಿನ ಪದರ ಸೇರಿ, ಗಾಲಿ ನೀರಿನ ಮೇಲೇ ತೇಲುತ್ತದೆ.

ಬ್ರೇಕಿನ ಕಾವು ಎಂಥದ್ದು ಅಂತ ಹತ್ತಿರ ನಿಂತವರಿಗೇ ಗೊತ್ತು. ವಿಮಾನ ಬಂದು ನಿಂತಾಗ ಗಾಲಿಯೊಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಒಲೆಯಿಂದ ಇಳಿಸಿದ ಹಂಚಿನ ಹಾಗೆ. ಚಾಕ್ ಇಡಲು ಗಾಲಿಯ ಮುಂದಿನಿಂದ ಇಲ್ಲವೇ ಹಿಂದಿನಿಂದ ಹೋಗಬೇಕು, ಪಕ್ಕದಿಂದ ಹೋಗಬಾರದು. ಟೈರ್ ಒಡೆದರೆ ಚೂರು ಸಿಡಿಯುವುದು ಪಕ್ಕಕ್ಕೆ. ಗಾಲಿಯಲ್ಲಿ ಸಣ್ಣ ಬಿರಡೆಗಳಿರುತ್ತವೆ. ಕಾವು ಮಿತಿಮೀರಿದರೆ ಅವು ಕರಗಿ ಗಾಳಿಯನ್ನು ಮೆಲ್ಲಗೆ ಬಿಟ್ಟುಬಿಡುತ್ತವೆ. ಆ ಸಣ್ಣ ಬಿರಡೆ ಎಷ್ಟು ಜನರ ಜೀವ ಕಾದಿದೆಯೋ!

ನಮ್ಮ ಹುಬ್ಬಳ್ಳಿಯಲ್ಲೂ 2015ರ ಮಾರ್ಚ್ 8ರ ಸಂಜೆ, ಮಳೆಯಲ್ಲಿ, ಬೆಂಗಳೂರಿನಿಂದ ಬಂದ ವಿಮಾನವೊಂದು ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯಿತು. ಎಡಗಡೆಯ ಗಾಲಿಯ ಕಾಲು ಮುರಿದು ರೆಕ್ಕೆ ವಾಲಿತು. ಒಳಗಿದ್ದವರೆಲ್ಲ ಇಳಿದು ಬಂದರು. ಈಗ ಗೋಕುಲ ರಸ್ತೆಯ ಆ ರನ್‌ವೇ ಸುಮಾರು 2,600 ಮೀಟರ್ ಆಗಿದೆ. ಆದರೆ ಉದ್ದ ಇದ್ದರೆ ಸಾಲದು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ನೆಲ ಮುಟ್ಟಿದ್ದೇ ಅರ್ಧ ರನ್‌ವೇ ದಾಟಿದ ಮೇಲೆ. ಅದಕ್ಕೂ ಮೊದಲೇ ಪಕ್ಕದಲ್ಲಿದ್ದ ಸಹ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದಿದ್ದರು. ಆ ಮಾತು ನಡೆಯಲಿಲ್ಲ. 158 ಜನ ಹೋದರು. ಇದನ್ನು ಓದುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ.

ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವರಿಗೆ ಒಂದು ಸದ್ದು ಗೊತ್ತಿರುತ್ತದೆ. ರಾತ್ರಿ ರೇಡಿಯೋ ಮುಳ್ಳು ತಿರುಗಿಸುವಾಗ ಎರಡು ಸ್ಟೇಷನ್ ಒಂದೇ ಜಾಗಕ್ಕೆ ಬಂದರೆ ಕುಂಯ್ ಎನ್ನುತ್ತದೆ, ಯಾವ ಮಾತೂ ತಿಳಿಯುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಅಂಥದ್ದೇ ಒಂದು ಸದ್ದು ಕೇಳಿಸಿತು. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನ, ಒಂದು ಕೆಎಲ್ಎಂ ಕಂಪನಿಯದು, ಇನ್ನೊಂದು ಪ್ಯಾನ್ ಆಮ್ ಕಂಪನಿಯದು. ಕೆಎಲ್ಎಂ ವಿಮಾನಕ್ಕೆ ಟವರ್, ಅಂದರೆ ವಿಮಾನಗಳಿಗೆ ಅಪ್ಪಣೆ ಕೊಡುವ ನಿಲ್ದಾಣದ ಕೇಂದ್ರ, ಹೇಳಿದ್ದು "ಓಕೆ, ಟೇಕ್-ಆಫ್‌ಗೆ ತಡೆಯಿರಿ, ನಾನೇ ಕರೆಯುತ್ತೇನೆ" ಅಂತ. ಅದೇ ಗಳಿಗೆಗೆ ಪ್ಯಾನ್ ಆಮ್ ಪೈಲಟ್ "ನಾವಿನ್ನೂ ರನ್‌ವೇ ಮೇಲಿದ್ದೇವೆ" ಎಂದರು. ಎರಡು ಮಾತೂ ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಆಗಲೇ ಓಡತೊಡಗಿತ್ತು. ಅದರ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂತು. ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದರು ಕ್ಯಾಪ್ಟನ್. 583 ಜನ ಸತ್ತರು. ಅದಾದ ಮೇಲೆ ಟೇಕ್-ಆಫ್ ಎಂಬ ಪದವನ್ನು ಹಾರಲು ಅಪ್ಪಣೆ ಕೊಡುವಾಗ, ಇಲ್ಲವೇ ಕೊಟ್ಟ ಅಪ್ಪಣೆ ಹಿಂದಕ್ಕೆ ಪಡೆಯುವಾಗ ಮಾತ್ರ ಬಳಸಬೇಕು ಎಂಬ ಪದ್ಧತಿ ಬಂತು. ಸುಮ್ನೆ ಓಕೆ ಅಂದರೆ ನಡೆಯುವುದಿಲ್ಲ, ಹೇಳಿದ್ದನ್ನು ತಿರುಗಿ ಹೇಳಬೇಕು.

ತಿರುಗಿ ಹೇಳಿದರೂ ಕೆಲವೊಮ್ಮೆ ಮನಸ್ಸು ಬೇರೆಯದನ್ನು ಕೇಳಿಸಿಕೊಂಡಿರುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ, ಭೂಕಂಪದ ಸಂತ್ರಸ್ತರಿಗೆ ಸಾಮಾನು ಒಯ್ಯಬೇಕಿದ್ದ ಸಣ್ಣ ವಿಮಾನಕ್ಕೆ ರನ್‌ವೇ ಹೊರಗೆ ಕಾಯುವ ಜಾಗದ ತನಕ ಬನ್ನಿ, ಮೊದಲ ಸರದಿ ನಿಮ್ಮದು ಎಂದು ಟವರ್ ಹೇಳಿತ್ತು. ಅವರು ರನ್‌ವೇ ಮೇಲೇ ಬಂದು ನಿಂತರು. ಮೇಲಿಂದ ದೊಡ್ಡ ವಿಮಾನ ಇಳಿಯಿತು. ಸಣ್ಣ ವಿಮಾನದ ಐವರು ಹೋದರು. ದೊಡ್ಡದರಲ್ಲಿದ್ದ 379 ಜನರೂ ಬೆಂಕಿಯ ನಡುವೆಯೇ ಹೊರಗೆ ಬಂದರು.

ನಾನೀಗ ಕೆಲಸ ಬಿಟ್ಟು ಹುಬ್ಬಳ್ಳಿಯಲ್ಲೇ ಇದ್ದೇನೆ. ಹೋದ ತಿಂಗಳು ಮಗಳ ಊರಿಗೆ ಹೋಗಿ ವಿಮಾನದಲ್ಲಿ ವಾಪಸ್ ಬಂದೆ. ವಿಮಾನ ನಿಂತಿತು. ಜನ ಎದ್ದು ಬ್ಯಾಗ್ ಇಳಿಸತೊಡಗಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹುಡುಗನೊಬ್ಬ ಬಗ್ಗಿ ಮುಂದಿನ ಗಾಲಿಗೆ ಚಾಕ್ ಇಟ್ಟ. ಎದ್ದು ಎರಡೂ ಮುಷ್ಟಿ ಮುಂದೆ ಮಾಡಿ, ಹೆಬ್ಬೆರಳು ಒಳಮುಖವಾಗಿ ಕೂಡಿಸಿ ಪೈಲಟ್‌ಗೆ ತೋರಿಸಿದ. ಕಲ್ಲು ಕೊಟ್ಟಾಯಿತು ಅಂತ ಅರ್ಥ.

ನಮಸ್ಕಾರ.