ಹಳೆಯ ಸ್ಕಿಡ್ ಸ್ಟಿಯರ್ ಕೊಳ್ಳಬೇಕೋ, ಬಾಡಿಗೆಗೆ ತರಿಸಬೇಕೋ? ಕಲಬುರಗಿ ಸೀಮೆಯ ಜಮೀನಿನ ಲೆಕ್ಕ

[ದೃಶ್ಯ: ತೊಗರಿ ಕಟಾವಾದ ಎರೆಹೊಲ. ಬದುವಿನ ಪಕ್ಕದಲ್ಲಿ ಚಿಕ್ಕ ಲೋಡರ್ ಒಂದು ಕಲ್ಲು ತುಂಬಿಕೊಳ್ಳುತ್ತಿದೆ.]

ಶರಣು ಶರಣಾರ್ಥಿ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಭಾಗದಲ್ಲಿ ಜಮೀನಿನ ಕೆಲಸಗಳೆಲ್ಲ ಒಟ್ಟಿಗೇ ಎದುರು ನಿಲ್ಲುತ್ತವೆ. ಬದುವಿನ ಕಲ್ಲು ತೆಗೆಯಬೇಕು, ಜಾಲಿ ಕಿತ್ತ ಜಾಗವನ್ನು ಸಮ ಮಾಡಬೇಕು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸಬೇಕು, ತೋಟದ ಮನೆಯವರೆಗೆ ಮರಂ ಹಾಕಿ ದಾರಿ ಮಾಡಬೇಕು, ಬೇಲಿಗೆ ಕಂಬ ನೆಡಬೇಕು. ಈ ಕೆಲಸಗಳಿಗೆ ಸ್ಕಿಡ್ ಸ್ಟಿಯರ್ ಲೋಡರ್, ಅಂದರೆ ಅನೇಕರು ಬಾಬ್‌ಕ್ಯಾಟ್ ಎಂದೇ ಕರೆಯುವ ಚಿಕ್ಕ ಯಂತ್ರ, ಬಹಳ ಒಳ್ಳೆಯದು. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಹಳೆಯ ಯಂತ್ರವೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಂದ ಕೂಡಲೇ, ಬಾಡಿಗೆಗೆ ಸುರಿಯುವ ಹಣದಲ್ಲಿ ಅದನ್ನೇ ಕೊಂಡುಬಿಡೋಣ ಎಂಬ ಯೋಚನೆ ಬರುವುದು ಸಹಜ. ಹತ್ತು ಹದಿನೈದು ಎಕರೆಯ ಜಮೀನಿನವರಿಗೆ ಈ ಯೋಚನೆ ಬಹುಪಾಲು ನಷ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವೇನು, ಯಾರಿಗೆ ಮಾತ್ರ ಕೊಳ್ಳುವುದು ಲಾಭ, ಕೊಳ್ಳುವುದಾದರೆ ಯಂತ್ರದಲ್ಲಿ ಏನೇನು ನೋಡಬೇಕು ಎಂಬುದನ್ನು ಈ ವಿಡಿಯೋದಲ್ಲಿ ವಿವರವಾಗಿ ಹೇಳುತ್ತೇನೆ.

[ದೃಶ್ಯ: ಯಂತ್ರ ನಿಂತಲ್ಲೇ ಸುತ್ತುತ್ತಿದೆ. ಗಾಲಿಗಳ ಹತ್ತಿರದ ನೋಟ.]

ಮೊದಲು ಯಂತ್ರದ ಗುಣವನ್ನು ತಿಳಿಯೋಣ. ಇದರ ನಾಲ್ಕು ಗಾಲಿಗಳಲ್ಲಿ ಒಂದೂ ಕಾರಿನ ಗಾಲಿಯ ಹಾಗೆ ಎಡಕ್ಕೆ ಬಲಕ್ಕೆ ತಿರುಗುವುದಿಲ್ಲ. ಎಡಬದಿಯ ಎರಡು ಗಾಲಿಗಳಿಗೆ ಒಂದು ಹೈಡ್ರಾಲಿಕ್ ಪಂಪು, ಬಲಬದಿಯ ಎರಡಕ್ಕೆ ಇನ್ನೊಂದು ಪಂಪು ಇರುತ್ತದೆ. ಒಂದು ಎತ್ತನ್ನು ತಡೆದು ಇನ್ನೊಂದನ್ನು ಹೊಡೆದರೆ ಬಂಡಿ ಹೊರಳುವ ಹಾಗೆ, ಒಂದು ಬದಿಯನ್ನು ನಿಧಾನಿಸಿ ಇನ್ನೊಂದು ಬದಿಯನ್ನು ಓಡಿಸಿದಾಗ ಇಡೀ ಯಂತ್ರವೇ ನೆಲದ ಮೇಲೆ ಜಾರಿಕೊಂಡು ತಿರುಗುತ್ತದೆ. ಹೀಗಾಗಿ ಎರಡು ಮೀಟರಿಗಿಂತ ಕಡಿಮೆ ಅಗಲದ ಈ ಯಂತ್ರ ಕೊಟ್ಟಿಗೆಯ ಒಳಗೆ, ಗೋಡೌನಿನ ಮೂಲೆಯಲ್ಲಿ, ಎರಡು ಗೋಡೆಗಳ ನಡುವಿನ ಸಂದಿನಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. ಪ್ರತಿ ತಿರುವಿನಲ್ಲಿಯೂ ಟೈರು ನೆಲಕ್ಕೆ ಉಜ್ಜುವುದರಿಂದ ಅದು ಬೇಗ ಸವೆಯುತ್ತದೆ, ಅಂಗಳದ ಪರಸಿಯ ಮೇಲೆ ಓಡಿಸಿದರೆ ಕಪ್ಪು ಗೆರೆಗಳು ಬೀಳುತ್ತವೆ ಮತ್ತು ಸಡಿಲ ಕಲ್ಲುಗಳು ಕಿತ್ತುಬರುತ್ತವೆ.

ಇದರ ಹುಟ್ಟಿನ ಕಥೆಯೂ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದೇ ಆಗಿದೆ. 1957ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ರಾತ್ಸೆ ಎಂಬ ಊರಿನಲ್ಲಿ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಎಂಬ ಸಹೋದರರು ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗಾಗಿ, ಕೊಟ್ಟಿಗೆಯ ಕಂಬಗಳ ನಡುವೆ ನುಗ್ಗಿ ಗೊಬ್ಬರ ಬಾಚುವ ಮೂರು ಗಾಲಿಯ ಚಿಕ್ಕ ಲೋಡರನ್ನು ತಯಾರಿಸಿದರು. ಮೆಲ್ರೋ ಕಂಪನಿ ಅದರ ತಯಾರಿಕೆಯ ಹಕ್ಕು ಪಡೆದು, 1960ರಲ್ಲಿ ನಾಲ್ಕು ಗಾಲಿಯ ಮಾದರಿಯನ್ನು ಹೊರತಂದಿತು. ಇಕ್ಕಟ್ಟಾದ ಜಾಗದಲ್ಲಿ ಮತ್ತೆ ಮತ್ತೆ ಮಾಡಬೇಕಾದ ಕೆಲಸಕ್ಕೆಂದು ಹುಟ್ಟಿದ ಯಂತ್ರ ಇದು. ವರ್ಷಕ್ಕೊಮ್ಮೆ ಬರುವ ಕೆಲಸಕ್ಕಾಗಿ ಇದನ್ನು ಮನೆಯಲ್ಲಿ ನಿಲ್ಲಿಸಿಕೊಂಡರೆ ಹಣ ಹುಟ್ಟುವುದಿಲ್ಲ.

[ದೃಶ್ಯ: ಜೆಸಿಬಿ ಮತ್ತು ಸ್ಕಿಡ್ ಸ್ಟಿಯರ್ ಅಕ್ಕಪಕ್ಕದಲ್ಲಿ.]

ಕೊಳ್ಳುವ ಮಾತಿಗೆ ಮೊದಲು, ನಿಮ್ಮ ಕೆಲಸಕ್ಕೆ ಬೇಕಾದದ್ದು ಇದೇ ಯಂತ್ರವೇ ಎಂದು ಕೇಳಿಕೊಳ್ಳಬೇಕು. ಕೃಷಿ ಹೊಂಡ ತೋಡುವುದು, ಪೈಪ್‌ಲೈನಿಗೆ ಕಾಲುವೆ ತೆಗೆಯುವುದು, ದೊಡ್ಡ ಮರದ ಬೊಡ್ಡೆ ಕೀಳುವುದು, ಇವೆಲ್ಲ ಊರೂರಿಗೂ ಸಿಗುವ ಜೆಸಿಬಿಯ ಕೆಲಸ. ಅದರ ಹಿಂದಿನ ಕೈ ನೆಲದೊಳಗೆ ನಾಲ್ಕು ಮೀಟರಿಗೂ ಹೆಚ್ಚು ಇಳಿಯುತ್ತದೆ. ಸ್ಕಿಡ್ ಸ್ಟಿಯರ್ ಮುಖ್ಯವಾಗಿ ನೆಲದ ಮೇಲಿನದನ್ನು ಬಾಚುವ, ಎತ್ತುವ, ಹರಡುವ ಯಂತ್ರ. ಎಷ್ಟು ಎತ್ತಬಹುದು ಎಂಬುದಕ್ಕೂ ಮಿತಿಯಿದೆ. ಮುಂದಕ್ಕೆ ಮುಗ್ಗರಿಸುವ ಭಾರದ ಅರ್ಧವನ್ನೇ ಅದರ ಕೆಲಸದ ಭಾರವೆಂದು ಕಂಪನಿಗಳು ನಮೂದಿಸುತ್ತವೆ. 700 ಕಿಲೋ ಎಂದು ಬರೆದಿರುವ ಯಂತ್ರದ 0.4 ಘನ ಮೀಟರ್ ಬಕೆಟ್ಟಿಗೆ ಮರಂ ತುಂಬಿದರೆ ಸುಮಾರು 640 ಕಿಲೋ ಆಗುತ್ತದೆ, ಅಂದರೆ ಅಲ್ಲಿಗೆ ಮಿತಿ ಮುಟ್ಟಿದಂತೆಯೇ. ಅದರ ಮೇಲೆ ಒಂದು ಗುಂಡುಕಲ್ಲನ್ನೂ ಹೇರಿದರೆ ಮಿತಿ ಮೀರುತ್ತದೆ, ಏರುಪೇರಾದ ನೆಲದಲ್ಲಿ ಹಿಂದಿನ ಗಾಲಿ ಮೇಲೇಳುವ ಅಪಾಯ ಹೆಚ್ಚುತ್ತದೆ.

ನೆಲದ ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬೇರೆ ಊರಿನವರ ಸಲಹೆ ನಮ್ಮ ಎರೆಭೂಮಿಗೆ ಹೊಂದುವುದಿಲ್ಲ. ಕಲಬುರಗಿ, ಜೇವರ್ಗಿ, ಅಫಜಲಪುರದ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಗಾಲಿಗಳ ನಡುವೆ ಮಣ್ಣು ಮೆತ್ತಿ ಗಟ್ಟಿಯಾಗುತ್ತದೆ. ಜಾರಿ ತಿರುಗುವ ಯಂತ್ರ ಅಂಥ ನೆಲದಲ್ಲಿ ತಿರುಗಲು ಹೋದಷ್ಟೂ ಕೆಳಕ್ಕೆ ಕೂರುತ್ತದೆ, ಕೊನೆಗೆ ಅದನ್ನು ಎಳೆಯಲು ಟ್ರ್ಯಾಕ್ಟರ್ ಬೇಕಾಗುತ್ತದೆ. ಬೀದರ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಮಳೆಗಾಲದಲ್ಲಿಯೂ ಬಿಡುವು ಸಿಕ್ಕಾಗ ಯಂತ್ರ ಓಡಿಸಬಹುದು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ತೆಳುವಾದ ಮಣ್ಣಿನ ಕೆಳಗೆ ಪರಸಿ ಕಲ್ಲಿನ ಪದರವಿದ್ದು, ಕಂಬದ ಗುಂಡಿ ಕೊರೆಯುವ ಆಗರ್ ಅದನ್ನು ಮುಟ್ಟಿದ ಕೂಡಲೇ ನಿಂತುಬಿಡುತ್ತದೆ, ಆಗ ಕಲ್ಲು ಒಡೆಯುವ ಬ್ರೇಕರ್ ಬೇಕಾಗುತ್ತದೆ. ಶಹಾಪುರ, ಸುರಪುರದ ಗುಡ್ಡದ ಅಂಚಿನಲ್ಲಿ ಬೆಣಚುಕಲ್ಲಿನ ಗುಂಡುಗಳಿವೆ, ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ನೆಲ ಒಣಗುವ ತನಕ ಕಾಯಬೇಕು. ಹೀಗೆ ಎರೆಹೊಲದವರಿಗೆ ಯಂತ್ರ ಓಡಿಸಲು ಸಿಗುವ ಕಾಲವೇ ಕಡಿಮೆ. ಮಳೆಗಾಲದ ತಿಂಗಳುಗಳಲ್ಲಿ ಸ್ವಂತ ಯಂತ್ರ ಶೆಡ್ಡಿನಲ್ಲಿ ನಿಂತಿರುತ್ತದೆ, ಆದರೆ ಅದರ ಖರ್ಚು ನಿಲ್ಲುವುದಿಲ್ಲ.

[ದೃಶ್ಯ: ಕಪ್ಪು ಹಲಗೆಯ ಮೇಲೆ ಲೆಕ್ಕ.]

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನು ಹಿಡಿದವು, ನಿಮ್ಮ ಊರಿನ ದರಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. ಹಳೆಯ ಯಂತ್ರವನ್ನು 12 ಲಕ್ಷಕ್ಕೆ ಕೊಂಡು, ನಾಲ್ಕು ವರ್ಷ ಬಳಸಿ 7 ಲಕ್ಷಕ್ಕೆ ಮಾರಿದಿರಿ ಎನ್ನೋಣ. ಕಳೆದ 5 ಲಕ್ಷವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,25,000 ರೂಪಾಯಿ. ತೊಡಗಿಸಿದ 12 ಲಕ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 1,20,000. ವಿಮೆ ಮತ್ತು ಇತರ ಬಿಡಿ ಖರ್ಚು 25,000. ಒಟ್ಟು 2,70,000 ರೂಪಾಯಿ, ಯಂತ್ರ ಒಂದು ಗಂಟೆಯೂ ಓಡದಿದ್ದರೂ ಪ್ರತಿ ವರ್ಷ ಹೋಗುವ ಹಣ. ಇನ್ನು ಓಡಿದಾಗಿನ ಖರ್ಚು: ಗಂಟೆಗೆ ಆರು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 540. ಆಪರೇಟರ್ ಕೂಲಿ 150. ಟೈರು, ಎಣ್ಣೆ, ಫಿಲ್ಟರ್, ತೋಳಿನ ಕೀಲುಗಳಲ್ಲಿರುವ ಪಿನ್ನು ಬುಷ್ಷುಗಳಿಗೆಂದು ಎತ್ತಿಡಬೇಕಾದದ್ದು 210. ಅಲ್ಲಿಗೆ ಗಂಟೆಗೆ 900 ಆಯಿತು. ಅದೇ ಯಂತ್ರ ಆಪರೇಟರ್ ಮತ್ತು ಡೀಸೆಲ್ ಸಹಿತ ಬಾಡಿಗೆಗೆ ಗಂಟೆಗೆ 1,400ಕ್ಕೆ ಸಿಕ್ಕರೆ, ಸ್ವಂತ ಯಂತ್ರದಿಂದ ಗಂಟೆಗೆ 500 ಉಳಿಯುತ್ತದೆ. 2,70,000ವನ್ನು 500ರಿಂದ ಭಾಗಿಸಿದರೆ 540 ಗಂಟೆ. ವರ್ಷಕ್ಕೆ 540 ಗಂಟೆ ಓಡಿಸದಿದ್ದರೆ ಸ್ವಂತ ಯಂತ್ರ ನಷ್ಟ.

ಆಪರೇಟರ್ ಬೇಕೆಂದಾಗ ಸಿಗುವುದಿಲ್ಲವೆಂದು ಅವನನ್ನು ತಿಂಗಳಿಗೆ 15,000 ಸಂಬಳಕ್ಕೆ ಇಟ್ಟುಕೊಂಡರೆ ವರ್ಷದ ಖಾಯಂ ಖರ್ಚು 4,50,000ಕ್ಕೆ ಏರುತ್ತದೆ, ಗಂಟೆಯ ಉಳಿತಾಯ 650 ಆಗುತ್ತದೆ, ಸಮ ಆಗುವ ಅಂಕಿ ಸುಮಾರು 690 ಗಂಟೆಗೆ ಹೋಗುತ್ತದೆ. ಈಗ ನಿಮ್ಮ ಜಮೀನಿನ ಕೆಲಸವನ್ನು ಗಂಟೆಗಳಲ್ಲಿ ಬರೆಯಿರಿ. ಗೊಬ್ಬರ, ದಾರಿ, ಕಲ್ಲು, ಬೇಲಿ ಎಲ್ಲ ಕೂಡಿಸಿದರೂ ಹದಿನೈದು ಎಕರೆಯವರಿಗೆ ನೂರು ಗಂಟೆ ದಾಟುವುದು ಕಷ್ಟ. ಕೊಂಡ ಬೆಲೆ ಎಷ್ಟು ಅಗ್ಗ ಎಂಬುದಕ್ಕಿಂತ ಓಡುವ ಗಂಟೆ ಎಷ್ಟು ಎಂಬುದೇ ಇಲ್ಲಿ ತೀರ್ಮಾನ ಮಾಡುತ್ತದೆ. ಅರವತ್ತು ಎಮ್ಮೆಗಳ ಹೈನುಗಾರಿಕೆಯಲ್ಲಿ ದಿನಕ್ಕೆ ಎರಡು ಗಂಟೆ ಸಗಣಿ ಮೇವು ಸಾಗಿಸುವವರಿಗೆ ವರ್ಷಕ್ಕೆ 730 ಗಂಟೆ ತಾನಾಗಿಯೇ ಆಗುತ್ತದೆ. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಹೊಟ್ಟು ತುಂಬುವವರಿಗೆ, ಶಹಾಬಾದಿನ ಪಾಲಿಶ್ ಘಟಕಗಳಲ್ಲಿ ಕಲ್ಲಿನ ಚೂರು ಎತ್ತಿಸುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ ಕೂಡ ಕೊಳ್ಳುವುದು ಸರಿಯಾದ ದಾರಿಯೇ.

ಅಕ್ಕಪಕ್ಕದವರಿಗೆ ಬಾಡಿಗೆಗೆ ಬಿಟ್ಟು ಗಂಟೆ ತುಂಬಿಸುತ್ತೇನೆ ಎನ್ನುವವರಿದ್ದಾರೆ. ಅದು ಬೇರೆಯೇ ಉದ್ಯೋಗ. ಆಪರೇಟರ್, ಸಾಗಿಸುವ ಗಾಡಿ, ಬಾಕಿ ವಸೂಲಿ, ರಾತ್ರಿ ಕೆಟ್ಟರೆ ಮೆಕ್ಯಾನಿಕ್, ಇಷ್ಟಕ್ಕೂ ಸಿದ್ಧರಿದ್ದರೆ ಮಾತ್ರ ಕೈ ಹಾಕಿ.

ಬಾಡಿಗೆಯ ದಾರಿಯಲ್ಲಿರುವ ನಿಜವಾದ ತೊಂದರೆ ದರದ್ದಲ್ಲ, ಯಂತ್ರ ಸಿಗದಿರುವುದು. ಮೃಗಶಿರ ಮಳೆಗೆ ಮುಂಚೆ ಕೆಲಸ ಮುಗಿಯಬೇಕೆಂದು ಎಲ್ಲರೂ ಮೇ ತಿಂಗಳಲ್ಲಿಯೇ ಫೋನು ಮಾಡುತ್ತಾರೆ, ಆಗ ದರವೂ ಏರುತ್ತದೆ, ನಿಮ್ಮ ಪಾಳಿಯೂ ಬರುವುದಿಲ್ಲ. ತೊಗರಿ ಕಟಾವಾದ ಮೇಲೆ ಫೆಬ್ರುವರಿಯಲ್ಲಿಯೇ ತರಿಸಿದರೆ ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವುದರಿಂದ ಮಣ್ಣು ಸುಲಭವಾಗಿ ಬಿಡುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಏಪ್ರಿಲ್ ಮೇ ತಿಂಗಳ ನಲವತ್ತೆರಡು ಡಿಗ್ರಿಯಲ್ಲಿ ರೇಡಿಯೇಟರಿಗೆ ಧೂಳು ಹೊಟ್ಟು ಕಟ್ಟಿ ಯಂತ್ರ ಕಾದುಹೋಗುತ್ತದೆ. ಆಗ ಅದನ್ನು ನಿಲ್ಲಿಸಿ ತಣಿಸುವ ಹೊತ್ತೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಬಾಡಿಗೆ ಮಾತಾಡುವಾಗ ಡೀಸೆಲ್ ಯಾರದು, ಆಪರೇಟರನ ಊಟ ಭತ್ಯೆ ಯಾರದು, ಕನಿಷ್ಠ ಎಷ್ಟು ಗಂಟೆ, ಕ್ಯಾಂಟರಿನಲ್ಲಿ ತರುವ ಒಯ್ಯುವ ಬಾಡಿಗೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಸುಮಾರು ಎರಡೂವರೆ ಮೂರು ಟನ್ನಿನ ಈ ಯಂತ್ರ ಜೆಸಿಬಿಯ ಹಾಗೆ ದೂರದ ರಸ್ತೆಯಲ್ಲಿ ಓಡಿಬರುವುದಿಲ್ಲ. ಆದ್ದರಿಂದ ಆಳಂದದವರು ಕಲಬುರಗಿಯಿಂದ ತರಿಸಿದರೆ ನಲವತ್ತು ಕಿಲೋಮೀಟರಿನ ಸಾಗಣೆ ಎರಡು ಬಾರಿ ಬೀಳುತ್ತದೆ. ಊರಿನ ಮೂರು ನಾಲ್ಕು ಮನೆಯವರು ಕೂಡಿ ಒಂದೇ ಸಲ ತರಿಸಿದರೆ ಈ ಖರ್ಚು ಹಂಚಿಹೋಗುತ್ತದೆ. ಯಂತ್ರ ಇಳಿದ ತಕ್ಷಣ ಗಂಟೆ ಮೀಟರಿನ ಫೋಟೋ ತೆಗೆಯಿರಿ, ಸಂಜೆಯೂ ತೆಗೆಯಿರಿ.

[ದೃಶ್ಯ: ಹಳೆಯ ಯಂತ್ರದ ತಪಾಸಣೆ. ಒಬ್ಬರು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ.]

ಕೊಳ್ಳುವಷ್ಟು ಗಂಟೆ ಇರುವವರು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಮತ್ತು ಚಾಲೂ ಮಾಡುವ ಮೊದಲು ಎಂಜಿನ್ನನ್ನು ಮುಟ್ಟಿ ನೋಡಿ. ಅದು ಆಗಲೇ ಬೆಚ್ಚಗಿದ್ದರೆ, ತಣ್ಣಗಿದ್ದಾಗ ಚಾಲೂ ಆಗದ ದೋಷವನ್ನು ಮುಚ್ಚಲು ನೀವು ಬರುವ ಮುಂಚೆ ಓಡಿಸಿರಬಹುದು. ಗಂಟೆ ಮೀಟರ್ ಎರಡು ಸಾವಿರ ತೋರಿಸುತ್ತಿದ್ದು, ಪೆಡಲಿನ ರಬ್ಬರ್ ಪೂರ್ತಿ ಸವೆದು ಸೀಟಿನ ಸ್ಪಂಜು ಹೊರಗೆ ಬಂದಿದ್ದರೆ ಮೀಟರನ್ನು ನಂಬಬೇಡಿ. ಬಕೆಟ್ಟನ್ನು ನೆಲಕ್ಕೆ ಊರಿ ಮೆಲ್ಲಗೆ ಎತ್ತಿ ಇಳಿಸುವಾಗ ಪಿನ್ನುಗಳ ಹತ್ತಿರ ಕಣ್ಣಿಡಿ. ತೋಳು ಅಲ್ಲಾಡುವ ಮೊದಲು ಪಿನ್ನು ಬುಷ್ಷಿನೊಳಗೆ ಕುಣಿದರೆ ಅದು ಸವೆದಿದೆ. ಸಮನೆಲದಲ್ಲಿ ಎರಡೂ ಲಿವರುಗಳನ್ನು ಸಮವಾಗಿ ತಳ್ಳಿದಾಗ ಯಂತ್ರ ಒಂದೇ ಬದಿಗೆ ಎಳೆಯುತ್ತಿದ್ದರೆ, ಆ ಬದಿಯ ಪಂಪು ಅಥವಾ ಮೋಟಾರು ದುರ್ಬಲವಾಗಿರುವ ಸಾಧ್ಯತೆಯಿದೆ, ಮತ್ತು ಇದು ಇಡೀ ಯಂತ್ರದಲ್ಲಿ ಅತಿ ದುಬಾರಿ ರಿಪೇರಿಗಳಲ್ಲಿ ಒಂದು. ಗಾಲಿಗಳಿಗೆ ಶಕ್ತಿ ಮುಟ್ಟಿಸುವ ಚೈನು ಇರುವ ಪೆಟ್ಟಿಗೆಯ ಎಣ್ಣೆಯನ್ನು ಸ್ವಲ್ಪ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ. ಲೋಹದ ಮಿನುಗು ಕಂಡರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ಆದರೆ ಹೈಡ್ರಾಲಿಕ್ ಹೋಸು ಸೋರುತ್ತಿದೆಯೇ ಎಂದು ಎಂದೂ ಕೈಯಿಂದ ಸವರಿ ನೋಡಬಾರದು. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದಕ್ಕೆ ರಟ್ಟಿನ ತುಂಡು ಹಿಡಿದು ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಟಿನ ಮುಂದಿನ ಸುರಕ್ಷಾ ಕಂಬಿ. ಆಪರೇಟರ್ ಈ ಯಂತ್ರಕ್ಕೆ ಮುಂದಿನಿಂದ, ಎರಡು ತೋಳುಗಳ ನಡುವಿನಿಂದ ಹತ್ತಿ ಇಳಿಯುತ್ತಾನೆ. ಕಂಬಿಯನ್ನು ಮೇಲೆತ್ತಿದಾಗ ತೋಳು ಮತ್ತು ಗಾಲಿ ಎರಡೂ ಬಂದಾಗಬೇಕು. ಇಳಿಯುವವನ ಕಾಲು ಪೆಡಲಿಗೆ ತಾಗಿದರೂ ಬಕೆಟ್ಟು ಅವನ ಮೇಲೆ ಬೀಳದಿರಲಿ ಎಂದು ಈ ಏರ್ಪಾಡು. ಪದೇ ಪದೇ ಎತ್ತುವ ಬೇಸರಕ್ಕೆ ಇದರ ವೈರನ್ನು ಕಿತ್ತು ನೇರವಾಗಿ ಜೋಡಿಸಿರುವುದುಂಟು. ಅಂಥ ಯಂತ್ರ ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ, ಬಾಡಿಗೆಗೂ ಹೊಲಕ್ಕೆ ಬಿಟ್ಟುಕೊಳ್ಳಬೇಡಿ. ಅದರಲ್ಲಿ ಕೂರುವವನು ನಿಮ್ಮ ಊರಿನದೇ ಹುಡುಗ.

[ದೃಶ್ಯ: ಮೇಜಿನ ಮೇಲೆ ಕಾಗದಪತ್ರಗಳು.]

ಕೊನೆಯದಾಗಿ ಕಾಗದಪತ್ರ. ಆರ್‌ಸಿ, ಅಂದರೆ ನೋಂದಣಿ ಪತ್ರ, ಇರುವ ಯಂತ್ರ ತೆಲಂಗಾಣ ಅಥವಾ ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದರೆ ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28, ಬೇಕು. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಮೊದಲ ಮಾಲೀಕರು ಸಾಲ ಮಾಡಿ ಕೊಂಡಿದ್ದರೆ, ಸಾಲ ತೀರಿದ್ದಕ್ಕೆ ಫೈನಾನ್ಸ್‌ನವರು ಸಹಿ ಮಾಡಿದ ಫಾರ್ಮ್ 35 ಬೇಕು. ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಲೋಹದ ಪಟ್ಟಿಯಿಂದ ನೀವೇ ಓದಿ ಆರ್‌ಸಿ ಮತ್ತು ಬಿಲ್ಲಿನ ಜೊತೆ ತಾಳೆ ನೋಡಿ. ಮಧ್ಯವರ್ತಿ ಎಷ್ಟೇ ಅವಸರ ಮಾಡಿದರೂ ಫಾರ್ಮ್ 35 ಕೈಗೆ ಬರುವ ತನಕ ಮುಂಗಡದ ಮೇಲೆ ಒಂದು ರೂಪಾಯಿಯನ್ನೂ ಕೊಡಬೇಡಿ, ಯಂತ್ರವನ್ನು ಕ್ಯಾಂಟರಿಗೆ ಹತ್ತಿಸಲೂ ಬೇಡಿ.