ಮಿದುಳಿನೊಳಗಿನ ಹಂದರ ಮತ್ತು ಮೂರ್ಛೆರೋಗ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಫಿಟ್ಸ್ ಬಂತು ಅಂದರೆ ನಮ್ಮ ಕೆಲವು ಮನೆಗಳಲ್ಲಿ ಇವತ್ತಿಗೂ ತಾಯಿಯನ್ನೇ ಮೊದಲು ವಿಚಾರಿಸುತ್ತಾರೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೆಯಾ? ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗಿದ್ದೆಯಾ? ಆಮೇಲೆ ಹರಕೆ, ತಾಯಿತ, ಅಂತ್ರ. ಆ ತಾಯಂದಿರಿಗಾಗಿ ಇವತ್ತು ಸ್ವಲ್ಪ ಜೀವವಿಜ್ಞಾನ ಹೇಳಬೇಕೆಂದಿದ್ದೇನೆ.

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ತಲೆಗೆ ಪೆಟ್ಟು, ಪಾರ್ಶ್ವವಾಯು, ಮಿದುಳು ಜ್ವರ, ಮಿದುಳು ಸೇರಿದ ಲಾಡಿಹುಳುವಿನ ಗುಳ್ಳೆ, ಹೀಗೆ ಕಾರಣಗಳು ಹಲವು. ಇದು ಮಿದುಳಿನ ವಿದ್ಯುತ್ತಿನ ಏರುಪೇರು ಎಂದು ನೀವು ಕೇಳಿರುತ್ತೀರಿ. ಅದು ನಿಜ. ನರಕೋಶಗಳು ಒಟ್ಟಾಗಿ, ಹತೋಟಿಯಿಲ್ಲದೆ ಮಿಡಿದಾಗ ಸೆಳೆತ ಬರುತ್ತದೆ, ಹೆಚ್ಚಿನ ಮಾತ್ರೆಗಳು ಆ ಮಿಡಿತವನ್ನೇ ತಗ್ಗಿಸುತ್ತವೆ. ಆದರೂ ಸುಮಾರು ಮೂರರಲ್ಲೊಬ್ಬ ರೋಗಿಗೆ ಮಾತ್ರೆಯಿಂದ ಸೆಳೆತ ಪೂರ್ತಿ ನಿಲ್ಲುವುದಿಲ್ಲ. ಅಂಥವರ ಬಗ್ಗೆ ಯೋಚಿಸುವಾಗ ವಿದ್ಯುತ್ತನ್ನಷ್ಟೇ ನೋಡಿದರೆ ಸಾಲದು, ಆ ವಿದ್ಯುತ್ತು ಹರಿಯುವ ಕೋಶದ ಕಟ್ಟಡವನ್ನೂ ನೋಡಬೇಕು.

ಪ್ರತಿ ಜೀವಕೋಶದೊಳಗೂ ಪ್ರೋಟೀನಿನ ಎಳೆಗಳ ಒಂದು ಹಂದರವಿದೆ. ವಿಜ್ಞಾನಿಗಳು ಅದನ್ನು ಸೈಟೋಸ್ಕೆಲಿಟನ್ ಎನ್ನುತ್ತಾರೆ. ಮದುವೆಮನೆಯ ಚಪ್ಪರದ ಗಳುಗಳನ್ನು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ನೆಡುವಂತೆ, ಈ ಎಳೆಗಳೂ ಒಂದು ತುದಿಯಲ್ಲಿ ಕಳಚುತ್ತ ಇನ್ನೊಂದು ತುದಿಯಲ್ಲಿ ಬೆಳೆಯುತ್ತ ಇರುತ್ತವೆ. ಎರಡು ಬಗೆಯ ಎಳೆಗಳು ಇಲ್ಲಿ ಮುಖ್ಯ. ಒಂದು ಆ್ಯಕ್ಟಿನ್, ಸುಮಾರು 7 ನ್ಯಾನೋಮೀಟರ್ ದಪ್ಪದ ಸಣ್ಣ ಎಳೆ. ಇನ್ನೊಂದು ಮೈಕ್ರೋಟ್ಯೂಬ್ಯೂಲ್, ಸುಮಾರು 25 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆ. ಯಾವ ಎಳೆ ಎಲ್ಲಿ ಬೆಳೆಯಬೇಕು, ಎಲ್ಲಿ ತುಂಡಾಗಬೇಕು ಎಂಬುದನ್ನು ಬೇರೆ ಪ್ರೋಟೀನುಗಳು ನಿಯಂತ್ರಿಸುತ್ತವೆ. ಆ ನಿಯಂತ್ರಣ ತಪ್ಪಿದಾಗ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಗರ್ಭದಲ್ಲಿ ಮಿದುಳು ಬೆಳೆಯುವಾಗ ಅದರ ಹೊರಪದರದ ನರಕೋಶಗಳು ಅಲ್ಲೇ ಹುಟ್ಟುವುದಿಲ್ಲ. ಅವುಗಳಲ್ಲಿ ಬಹುಪಾಲು ಮಿದುಳಿನ ನಡುವಿನ ದ್ರವ ತುಂಬಿದ ಕುಹರಗಳ ಅಂಚಿನಲ್ಲಿ ಹುಟ್ಟಿ, ಉದ್ದನೆಯ ಆಸರೆ ಕೋಶಗಳನ್ನು ಹಿಡಿದು ಹೊರಮೈವರೆಗೆ ಹತ್ತಿ ಹೋಗುತ್ತವೆ. ಕೋಶ ಮೊದಲು ಮುಂದಕ್ಕೊಂದು ಚಾಚು ನೀಡುತ್ತದೆ, ಆಮೇಲೆ ತನ್ನ ಕೋಶಕೇಂದ್ರವನ್ನು ಮೈಕ್ರೋಟ್ಯೂಬ್ಯೂಲುಗಳ ನೆರವಿನಿಂದ ಮುಂದಕ್ಕೆ ಎಳೆದುಕೊಳ್ಳುತ್ತದೆ. ಆ ಕೊಳವೆಗಳಿಗೆ ಅಂಟಿಕೊಂಡು ಅವನ್ನು ಗಟ್ಟಿಯಾಗಿಡುವ ಪ್ರೋಟೀನಿನ ಹೆಸರು ಡಬಲ್‌ಕಾರ್ಟಿನ್. 1998ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಎರಡು ತಂಡಗಳು ಇದರ ವಂಶವಾಹಿಯನ್ನು ಬೇರೆಬೇರೆಯಾಗಿ ಗುರುತಿಸಿದವು. ಅದು ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ.

ಗಂಡುಮಗುವಿಗೆ ಎಕ್ಸ್ ಒಂದೇ. ಅದರಲ್ಲಿ ಈ ವಂಶವಾಹಿ ಕೆಟ್ಟರೆ ವಲಸೆ ಹೋಗಬೇಕಾದ ಕೋಶಗಳೆಲ್ಲ ತೊಡಕಿಗೆ ಸಿಕ್ಕುತ್ತವೆ. ಮಿದುಳಿನ ಮೇಲೆ ಮಡಿಕೆಗಳು ಮೂಡದೆ ಅದು ನುಣುಪಾಗಿ ಉಳಿಯಬಹುದು. ಹೆಣ್ಣುಮಗುವಿಗೆ ಎರಡು ಎಕ್ಸ್, ಪ್ರತಿ ಕೋಶದಲ್ಲೂ ಒಂದು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಒಂದು ಪಾಲು ಕೋಶಗಳು ಸರಿಯಾದ ಜಾಗ ಸೇರುತ್ತವೆ, ಉಳಿದವು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಆ ಮಗುವಿನ ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದರೆ ಮಿದುಳಿನ ಬೂದು ಹೊರಪದರ, ಅದರ ಕೆಳಗೆ ತೆಳುವಾದ ಬಿಳಿಭಾಗ, ಅದರ ಕೆಳಗೆ ಮತ್ತೊಂದು ಬೂದು ಪಟ್ಟಿ ಕಾಣುತ್ತದೆ. ದಾರಿಯಲ್ಲಿ ನಿಂತ ಕೋಶಗಳೇ ಆ ಪಟ್ಟಿ. ಅವೂ ಜೀವಂತ ನರಕೋಶಗಳು, ಅಕ್ಕಪಕ್ಕದೊಡನೆ ಸಂಪರ್ಕ ಬೆಳೆಸುತ್ತವೆ, ಇರಬಾರದ ಜಾಗದಲ್ಲಿ ಮಿಡಿಯುತ್ತವೆ. ಸಾಮಾನ್ಯವಾಗಿ ಬಾಲ್ಯದಲ್ಲೇ ಸೆಳೆತ ಶುರುವಾಗುತ್ತದೆ.

ಇದಕ್ಕೆ ಯಾವ ಗ್ರಹಣವೂ ಕಾರಣವಲ್ಲ. ಎಷ್ಟೋ ಮಕ್ಕಳಲ್ಲಿ ವಂಶವಾಹಿಯ ಈ ಬದಲಾವಣೆ ತಂದೆತಾಯಿಯಿಂದ ಬರದೆ ಹೊಸದಾಗಿ ಉಂಟಾಗಿರುತ್ತದೆ. ಕೆಲವರಲ್ಲಿ ತಾಯಿಯಿಂದ ಬಂದಿರಬಹುದು, ಆಕೆಗೆ ಅದರ ಲಕ್ಷಣವೇ ಕಾಣದಿರಬಹುದು. ತಾನು ಆರಿಸಿಕೊಳ್ಳದ ವಂಶವಾಹಿಗೆ ಅವಳನ್ನು ಹೊಣೆ ಮಾಡುವುದು ಅನ್ಯಾಯ. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧ.

ಆ್ಯಕ್ಟಿನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಫಿಲಮಿನ್ ಎ ಎಂಬ ಪ್ರೋಟೀನು ಕೆಟ್ಟಾಗಲೂ ಹೀಗೆಯೇ. ಆಗ ಕೆಲವು ಕೋಶಗಳು ಹೊರಡುವ ಜಾಗದಲ್ಲೇ ಗಂಟುಗಂಟಾಗಿ ಉಳಿಯುತ್ತವೆ. ಈ ದೋಷವಿರುವ ಹೆಣ್ಣುಮಕ್ಕಳಲ್ಲಿ ಅನೇಕರು ಚೆನ್ನಾಗಿ ಓದುತ್ತಾರೆ, ಕೆಲಸ ಮಾಡುತ್ತಾರೆ. ಹದಿಹರೆಯದಲ್ಲಿ ಮೊದಲ ಸೆಳೆತ ಬಂದಾಗಲೇ ವಿಷಯ ತಿಳಿಯುವುದುಂಟು.

ಇಷ್ಟು ಹುಟ್ಟಿಗೆ ಮುಂಚಿನ ಕಥೆ. ಸೆಳೆತವೇ ಹಂದರವನ್ನು ಕೆಡಿಸುವುದೂ ಇದೆ. ನರಕೋಶದ ಕವಲುಗಳ ಮೇಲೆ ಮುಳ್ಳಿನಂಥ ಸಣ್ಣ ಚಾಚುಗಳಿವೆ, ಸಂದೇಶಗಳಲ್ಲಿ ಹೆಚ್ಚಿನವು ಬಂದು ಸೇರುವುದು ಅಲ್ಲಿಗೆ. ಅವು ನಿಂತಿರುವುದೇ ಆ್ಯಕ್ಟಿನ್ ಬಲದಿಂದ. 2007ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು ಜೀವಂತ ಇಲಿಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಅವಕ್ಕೆ ಸೆಳೆತ ಬರಿಸಿದರು. ಕವಲುಗಳು ಮಣಿಸರದಂತೆ ಅಲ್ಲಲ್ಲಿ ಉಬ್ಬಿದವು, ಮುಳ್ಳುಗಳು ಇಲ್ಲವಾದವು. ಆ್ಯಕ್ಟಿನ್ ಎಳೆಗಳನ್ನು ಕತ್ತರಿಸುವ ಕೊಫಿಲಿನ್ ಎಂಬ ಪ್ರೋಟೀನು ಸೆಳೆತದಿಂದ ಚುರುಕಾಗಿತ್ತು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವ ಟ್ಯಾಕ್ರೊಲಿಮಸ್ ಎಂಬ ಔಷಧ ಕೊಟ್ಟಾಗ ಈ ಹಾನಿ ತಗ್ಗಿತು. ಅದು ಇಲಿಯಲ್ಲಿ ಕಂಡದ್ದು, ನಮ್ಮ ಫಿಟ್ಸಿಗೆ ಬರೆದುಕೊಡುವ ಮಾತ್ರೆಯಲ್ಲ. ಆದರೂ ಸೆಳೆತವನ್ನು ಬೇಗ ಹತೋಟಿಗೆ ತರಬೇಕು ಎನ್ನಲು ಇಂಥ ಪ್ರಯೋಗಗಳು ಬಲ ಕೊಡುತ್ತವೆ.

ಈ ದಿಕ್ಕಿನಲ್ಲಿ ಒಂದು ಔಷಧ ರೋಗಿಯನ್ನು ತಲುಪಿದೆ. ಸೆಳೆತ ತರುವ ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ಕಾಯಿಲೆಯಲ್ಲಿ ಹ್ಯಾಮಾರ್ಟಿನ್ ಅಥವಾ ಟ್ಯೂಬರಿನ್ ಎಂಬ ಪ್ರೋಟೀನು ಕೆಟ್ಟು, ಕೋಶದ ಬೆಳವಣಿಗೆಗೆ ಕಡಿವಾಣವೇ ಇಲ್ಲವಾಗುತ್ತದೆ. ಹ್ಯಾಮಾರ್ಟಿನ್ನಿಗೆ ಆ್ಯಕ್ಟಿನ್ ಹಂದರದ ಜೊತೆಗೂ ನಂಟಿದೆ. ಆ ಕಡಿವಾಣವನ್ನು ಮತ್ತೆ ಹಾಕುವ ಎವೆರೊಲಿಮಸ್ ಎಂಬ ಔಷಧವನ್ನು ಬೇರೆ ಮಾತ್ರೆಗಳ ಜೊತೆ 366 ರೋಗಿಗಳ ಅಧ್ಯಯನದಲ್ಲಿ ಪರೀಕ್ಷಿಸಿದರು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ 40 ಶೇಕಡಾ ಜನರಿಗೆ ಸೆಳೆತ ಅರ್ಧಕ್ಕರ್ಧ ಅಥವಾ ಅದಕ್ಕೂ ಹೆಚ್ಚು ಕಡಿಮೆಯಾಯಿತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಅದು ಸುಮಾರು 15 ಶೇಕಡಾ. 2018ರಲ್ಲಿ ಅಮೆರಿಕದಲ್ಲಿ ಈ ಸೆಳೆತಗಳಿಗೆ ಅದಕ್ಕೆ ಅನುಮತಿ ಸಿಕ್ಕಿತು.

ಡಬಲ್‌ಕಾರ್ಟಿನ್ ವಿಷಯದಲ್ಲಿ ನನಗೆ ತುಂಬ ಆಸೆ ಹುಟ್ಟಿಸಿದ್ದು 2009ರ ಒಂದು ಪ್ರಯೋಗ. ಗರ್ಭದಲ್ಲೇ ಈ ಪ್ರೋಟೀನನ್ನು ತಗ್ಗಿಸಿದ್ದ ಇಲಿಮರಿಗಳಲ್ಲಿ, ಹುಟ್ಟಿದ ಮೇಲೆ ಅದನ್ನು ಮತ್ತೆ ತಯಾರಾಗುವಂತೆ ಮಾಡಿದರು. ದಾರಿಯಲ್ಲಿ ನಿಂತಿದ್ದ ಕೋಶಗಳು ಮತ್ತೆ ಹೊರಟವು, ಬೂದು ಪಟ್ಟಿ ಕಿರಿದಾಯಿತು, ಸೆಳೆತಕ್ಕೆ ತುತ್ತಾಗುವ ಗುಣವೂ ಕಡಿಮೆಯಾಯಿತು. ತಡವಾದಷ್ಟೂ ಫಲ ಕಡಿಮೆ. ಮನುಷ್ಯರಿಗೆ ಈ ಚಿಕಿತ್ಸೆ ಇನ್ನೂ ಬಂದಿಲ್ಲ.

ಹಾಗಾದರೆ ಇವತ್ತು ಮನೆಯವರು ಏನು ಮಾಡಬಹುದು? ಸರಿಯಾಗಿ ಆಯ್ದ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಸೆಳೆತ ನಿಲ್ಲದಿದ್ದರೆ, ನಿಮ್ಹಾನ್ಸಿನಂಥ ನರರೋಗ ಕೇಂದ್ರಕ್ಕೆ ಕರೆದೊಯ್ಯಿರಿ. ಮೂರ್ಛೆರೋಗಕ್ಕೆಂದೇ ಮಾಡುವ ಎಂಆರ್‌ಐ ಬೇಕೇ, ವಂಶವಾಹಿ ಪರೀಕ್ಷೆ ಬೇಕೇ, ಶಸ್ತ್ರಚಿಕಿತ್ಸೆಯಿಂದ ಗುಣ ಕಾಣಬಹುದೇ ಎಂದು ಧೈರ್ಯವಾಗಿ ಕೇಳಿ. ಡಬಲ್‌ಕಾರ್ಟಿನ್ ದೋಷ ಹೊತ್ತ ತಾಯಿಗೆ ಮುಂದಿನ ಪ್ರತಿ ಬಸಿರಿನಲ್ಲೂ ಅದು ಮಗುವಿಗೆ ಬರುವ ಸಾಧ್ಯತೆ ಅರ್ಧ. ಇದರ ಬಗ್ಗೆ ಬಸಿರಿಗೆ ಮೊದಲೇ ವಂಶವಾಹಿ ತಜ್ಞರ ಹತ್ತಿರ ಕೂತು ಮಾತಾಡಿಕೊಳ್ಳಬೇಕು. ಅಲ್ಲಿಯವರೆಗೂ, ಅದಾದ ಮೇಲೂ, ಈಗ ನಡೆಯುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಸೆಳೆತ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು.

ನಮಸ್ಕಾರ.