ಅರಗಿನ ಮೊಹರಿನ ಗಂಟು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು. ಶಿಕ್ಷೆಗೆ ಕಾರಣವಾದ ವಿಜ್ಞಾನವೇ ಆಮೇಲೆ ಸುಳ್ಳಾದರೆ ಕೈದಿಯ ಗತಿಯೇನು ಅನ್ನುವುದೇ ಇವತ್ತಿನ ಮಾತು. ಕೊಲೆ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತು, ನೀವು ನೋಡಿರಲಿಕ್ಕಿಲ್ಲ. ಬಿಳಿ ಬಟ್ಟೆಯಲ್ಲಿ ಹೊಲಿದ ಗಂಟು, ಮೇಲೆ ಕೆಂಪು ಅರಗಿನ ಮೊಹರು, ವಶಪಡಿಸಿಕೊಳ್ಳುವಾಗ ಸಾಕ್ಷಿಗೆ ನಿಂತ ಪಂಚರು ಸಹಿ ಹಾಕಿದ ಚೀಟಿ. ಅದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗುತ್ತದೆ, ಆಮೇಲೆ ವರದಿ ಬರುತ್ತದೆ. ಎಷ್ಟೋ ಹಳೇ ಕೇಸುಗಳಲ್ಲಿ ವರದಿಯ ಸಾರ ಇಷ್ಟೇ: ಅಂಗಿ ಮೇಲಿನ ರಕ್ತ ಮನುಷ್ಯನದು, ಗುಂಪು 'ಓ'. ಮೆಜೆಸ್ಟಿಕ್‌ನಲ್ಲಿ ಯಾವ ಬಸ್ ಹತ್ತಿದರೂ 'ಓ' ಗುಂಪಿನವರು ಹತ್ತಾರು ಜನ ಸಿಗುತ್ತಾರೆ, ಅಲ್ವಾ? ಆದರೆ ಸರ್ಕಾರಿ ತಜ್ಞರ ವರದಿಯನ್ನು, ಅವರನ್ನು ಕಟಕಟೆಗೆ ಕರೆಸದೆಯೇ ಸಾಕ್ಷ್ಯವಾಗಿ ಬಳಸಲು ಕಾನೂನಿನಲ್ಲೇ ಅವಕಾಶವಿದೆ.

ಅಮೆರಿಕದ ಡಲ್ಲಾಸ್‌ನಲ್ಲಿ 1987ರಲ್ಲಿ ಒಬ್ಬನಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ದಿನ ಅವನು ಬೇರೆ ಕಡೆ ಇದ್ದ ಅಂತ ಒಂಬತ್ತು ಜನ ಸಾಕ್ಷಿ ಹೇಳಿದರು. ಆದರೆ ಸತ್ತವನ ಕೈ ಮೇಲೆ ಹಲ್ಲಿನ ಗುರುತಿತ್ತು. ಅದು ಬೇರೆಯವರದಾಗಿರುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಅಂದರು ಒಬ್ಬ ದಂತತಜ್ಞರು. ಒಂಬತ್ತು ಬಾಯಿ ಒಂದು ಕಡೆ, ಒಂದು ಲೆಕ್ಕ ಇನ್ನೊಂದು ಕಡೆ. ಲೆಕ್ಕ ಗೆದ್ದಿತು. ಆ ಲೆಕ್ಕಕ್ಕೆ ಆಧಾರವೇ ಇರಲಿಲ್ಲ. ಅವನು ಹೊರಗೆ ಬಂದದ್ದು 2015ರಲ್ಲಿ.

ಕೂದಲಿನ ಕಥೆಯೂ ಬೇರೆಯಲ್ಲ. ಸ್ಥಳದಲ್ಲಿ ಸಿಕ್ಕ ಕೂದಲನ್ನು ಆರೋಪಿಯ ಕೂದಲಿನ ಜತೆ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ತನ್ನ ತಜ್ಞರು ಕೋರ್ಟಿನಲ್ಲಿ ಹೇಳಿದ್ದನ್ನು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮರುಪರಿಶೀಲಿಸಿತು. ಅಲ್ಲಿವರೆಗೆ ನೋಡಿದ ವಿಚಾರಣೆಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಕಡೆ ತಪ್ಪಿತ್ತು ಎಂದು 2015ರಲ್ಲಿ ಅದೇ ಒಪ್ಪಿಕೊಂಡಿತು.

ಆ ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ 2013ರಲ್ಲಿ ಒಂದು ಕಾನೂನು ಮಾಡಿತು. ಶಿಕ್ಷೆಗೆ ಕಾರಣವಾದ ವಿಜ್ಞಾನ ಆಮೇಲೆ ಸುಳ್ಳಾದರೆ, ಅದಿಲ್ಲದಿದ್ದರೆ ಶಿಕ್ಷೆ ಆಗುತ್ತಿರಲಿಲ್ಲ ಅನ್ನಿಸಿದರೆ, ಕೈದಿ ಮತ್ತೆ ಕೋರ್ಟಿಗೆ ಬರಬಹುದು. ತಜ್ಞರೇ ಅಭಿಪ್ರಾಯ ಬದಲಿಸಿದರೂ ಸಾಕು ಎಂದು 2015ರಲ್ಲಿ ಸೇರಿಸಿದರು. ಕಾನೂನು ಬಂದ ಕೂಡಲೇ ಜೈಲಿನ ಬಾಗಿಲೇನೂ ತೆರೆದುಕೊಳ್ಳಲಿಲ್ಲ. ಆದರೂ ತಟ್ಟುವುದಕ್ಕೆ ಒಂದು ಬಾಗಿಲಾದರೂ ಆಯಿತು.

ನಮ್ಮಲ್ಲಿ? ಸಹಿ ಬಿದ್ದ ತೀರ್ಪಿನಲ್ಲಿ ಬರವಣಿಗೆಯ ಅಥವಾ ಲೆಕ್ಕದ ತಪ್ಪು ಬಿಟ್ಟು ಬೇರೇನೂ ತಿದ್ದುವಂತಿಲ್ಲ ಅನ್ನುತ್ತದೆ ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಂ. ಹೈಕೋರ್ಟ್, ಸುಪ್ರೀಂ ಕೋರ್ಟ್ ಮುಗಿದ ಮೇಲೆ ಉಳಿಯುವುದು ಪುನರ್‌ಪರಿಶೀಲನಾ ಅರ್ಜಿ, ಆಮೇಲೆ ಸುಪ್ರೀಂ ಕೋರ್ಟಿನಲ್ಲೇ ಕಟ್ಟಕಡೆಯದಾಗಿ ಹಾಕುವ ಕ್ಯುರೇಟಿವ್ ಅರ್ಜಿ. ಎರಡರ ದಾರಿಯೂ ತೀರಾ ಕಿರಿದು. ವಿಜ್ಞಾನ ಬದಲಾಯಿತು ಅನ್ನುವುದಕ್ಕೆಂದೇ ಪ್ರತ್ಯೇಕ ಕಲಂ ಬೇಕು ಅನ್ನುವುದು ನನ್ನ ವಾದ. ಅದೇ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಇನ್ನು ಮುಂದೆ ಇಂಥ ವರದಿಗಳ ಮೇಲೆ ನಿಲ್ಲುವ ಶಿಕ್ಷೆಗಳೂ ಜಾಸ್ತಿಯಾಗುತ್ತವೆ.

ಕಲಂ ಬಂದರೂ ಸಾಲದು, ಮರುಪರೀಕ್ಷೆಗೆ ಆ ಗಂಟು ಉಳಿದಿರಬೇಕಲ್ಲ. ನಮ್ಮ ಎಷ್ಟೋ ತೀರ್ಪುಗಳ ಕಡೆಯ ಪುಟ ತೆಗೆದು ನೋಡಿ. ಶಿಕ್ಷೆ, ದಂಡ ಎಲ್ಲ ಬರೆದಾದ ಮೇಲೆ ಕೆಳಗೊಂದು ಸಾಲು ಇರುತ್ತದೆ: ಬೆಲೆಯಿಲ್ಲದ ಮುದ್ದೆಮಾಲನ್ನು ಅಪೀಲಿನ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು.